ಪ್ರತಿಮೆಗಳಾದವು, ಇನ್ನು ಪದಗಳನ್ನು ಹುಡುಕಿ: ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಬಹಿರಂಗ ಪತ್ರ

ಗೆ,
ಮಾನ್ಯ ಸಚಿವರು, ಕನ್ನಡ ಮತ್ತು ಸಂಸ್ಕೃತಿ ಇಲಾಖೆ
ಮಾನ್ಯ ನಿರ್ದೇಶಕರು, ರಾಜ್ಯ ಪತ್ರಾಗಾರ ಇಲಾಖೆ
ಬೆಂಗಳೂರು

ವಿಷಯ: ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹುಟ್ಟಿದ ಕನ್ನಡದ ಲಾವಣಿ, ಗೀಗೀ ಪದ, ನಾಟಕ, ಪತ್ರಿಕೆ ಮತ್ತು ಮುಟ್ಟುಗೋಲಾದ ಬರಹಗಳ ಶೋಧ ಹಾಗೂ ರಕ್ಷಣೆ

ಮಾನ್ಯರೇ,

ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಆಮೇಲೆ ಅವನ ಹೆಸರನ್ನು ತಲೆಮಾರುಗಳ ಕಾಲ ಊರಿಂದೂರಿಗೆ ಹೊತ್ತು ತಿರುಗಿದವರು ಲಾವಣಿಕಾರರು. ಆ ಪದಗಳನ್ನು ಮೊದಲು ಅಚ್ಚಿಗೆ ಕೊಟ್ಟವನು ಮಾತ್ರ ಬ್ರಿಟಿಷ್ ಅಧಿಕಾರಿ: ಶಾಸನತಜ್ಞನೆಂದು ನಾವೆಲ್ಲ ಬಲ್ಲ ಜೆ. ಎಫ್. ಫ್ಲೀಟ್. 1880ರ ದಶಕದಲ್ಲಿ ಅವನು ‘ಇಂಡಿಯನ್ ಆಂಟಿಕ್ವರಿ’ ಎಂಬ ಸಂಶೋಧನಾ ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ರಾಯಣ್ಣನ ದಂಗೆಯಿದೆ, ಹಲಗಲಿಯ ಬೇಡರ ದಂಗೆಯಿದೆ, ಆದಾಯ ತೆರಿಗೆ ಹೇರಿದ್ದರ ಮೇಲಿನ ಪದವೂ ಇದೆ. ನಮ್ಮವರು ತಮ್ಮ ವಿರುದ್ಧ ಏನು ಹಾಡುತ್ತಿದ್ದಾರೆ ಎಂಬ ಕುತೂಹಲ ಆಳುವವರಿಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ನಮಗೆ ಆ ಕುತೂಹಲ ಅಷ್ಟಾಗಿ ಉಳಿಯಲಿಲ್ಲ. ವೃತ್ತಕ್ಕೊಂದು ಪ್ರತಿಮೆ ನಿಲ್ಲಿಸಿ ಕೈತೊಳೆದುಕೊಂಡೆವು.

ನಾವು ಜಾನಪದ, ಮುದ್ರಣ ಇತಿಹಾಸ ಮತ್ತು ಹಳೆಯ ದಾಖಲೆಗಳ ಕೆಲಸದಲ್ಲಿರುವವರು. ಪ್ರತಿಮೆಗಳ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಪ್ರತಿಮೆಗೆ ಕಾರಣವಾದ ಪದ ಟೇಪಿನಲ್ಲಿ ಬೂಷ್ಟು ಹಿಡಿಯುತ್ತಿರುವಾಗ, ಆ ಬರಹವಿದ್ದ ಪತ್ರಿಕೆ ಮಡಿಕೆಮಡಿಕೆಗೆ ಪುಡಿಯಾಗುತ್ತಿರುವಾಗ, ಮೊದಲು ಯಾವುದಕ್ಕೆ ದುಡ್ಡು ಹಾಕಬೇಕೆಂದು ಕೇಳಲೇಬೇಕಾಗಿದೆ.

ಹಾಡು, ಬರಹ ಹೋರಾಟಕ್ಕೆ ‘ಸ್ಫೂರ್ತಿ’ ಕೊಟ್ಟವು ಎಂದು ಭಾಷಣಗಳಲ್ಲಿ ಹೇಳುತ್ತೇವೆ. ಅದು ಅರ್ಧ ಮಾತು. ಅವು ಮಾಡಿದ್ದು ಕೆಲಸ. ಹಲಗಲಿ ಆಗ ಮುಧೋಳ ಸಂಸ್ಥಾನದ ಹಳ್ಳಿ. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕುಂಪಣಿ ಸರಕಾರದ ಹುಕುಂ ಬಂದಾಗ ಬೇಡರು ಒಪ್ಪಲಿಲ್ಲ; ದಂಡು ಬಂದು ಊರನ್ನೇ ಸುಟ್ಟಿತು. ಶಾಲಾ ಪಠ್ಯದಲ್ಲಿಯೂ ಬಂದಿರುವ ಆ ಲಾವಣಿಯ ಕೊನೆಯ ಭಾಗವನ್ನು ಗಮನಿಸಿ. ಹನುಮ, ಬಾಲ, ಜಡಗ, ರಾಮರ ಶೌರ್ಯ ಮುಗಿದ ಮೇಲೆ ಕವಿ ಲೂಟಿಯಾದ ಸಾಮಾನಿನ ಲೆಕ್ಕ ಕೊಡುತ್ತಾನೆ. ಕೊಡಲಿ, ಕುಡದ ಕಬ್ಬಿಣ, ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಅಕ್ಕಿ, ಬೆಲ್ಲ, ಕೊನೆಗೆ ಮಂಗಳಸೂತ್ರ ಮತ್ತು ಬೀಸುವ ಕಲ್ಲು. ಯಾವ ಸರಕಾರಿ ವರದಿ ಬಡವರ ಅಡುಗೆಮನೆಯ ಈ ಪಂಚನಾಮೆ ಮಾಡುತ್ತದೆ? ಓದುಬಾರದ ಜನರ ನಡುವೆ ಇದು ಪತ್ರಿಕೆಯೂ ಹೌದು, ಸಾಕ್ಷಿಯೂ ಹೌದು.

ಗೀಗೀ ಪದದ ರಚನೆಯೇ ಈ ಕೆಲಸಕ್ಕೆ ಹೇಳಿಮಾಡಿಸಿದಂತಿತ್ತು. ಮುಮ್ಮೇಳದವನು ದಪ್ಪು ಎಂಬ ಚರ್ಮವಾದ್ಯ ಹಿಡಿದು ನುಡಿ ಎತ್ತುತ್ತಾನೆ, ಹಿಂದಿನವರು ಒಂಟಿ ತಂತಿಯ ತುಂತುಣಿ, ತಾಳದೊಂದಿಗೆ ‘ಗೀ ಗೀ ಗಾ’ ಎಂದು ಸೊಲ್ಲು ಹಿಡಿಯುತ್ತಾರೆ. ಮೂರು ನಾಲ್ಕು ಜನ ಸಾಕು. ವೇದಿಕೆ ಬೇಡ, ಅಚ್ಚಿನ ಕರಪತ್ರ ಬೇಡ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಎರಡು ಮೇಳಗಳು ವಾದಿಸುವ ಹರದೇಶಿ–ನಾಗೇಶಿಯ ಸವಾಲ್–ಜವಾಬು ಇಡೀ ರಾತ್ರಿ ನಡೆಯುವುದರಿಂದ ಪುರಾಣದ ಪ್ರಶ್ನೆಯ ಮಗ್ಗುಲಲ್ಲೇ ಖಾದಿ, ಕರ, ಸೆರೆಮನೆಯ ಪ್ರಶ್ನೆ ಬಂದು ಕೂಡುತ್ತಿತ್ತು. ರಾಜಕೀಯ ಸಭೆಗೆ ನಿಷೇಧಾಜ್ಞೆ ಹಾಕುವುದು ಕಲೆಕ್ಟರನಿಗೆ ಸುಲಭ. ಜಾತ್ರೆಯನ್ನೋ ಉರುಸನ್ನೋ ಮೊಹರಮ್ಮಿನ ಹಾಡನ್ನೋ ನಿಲ್ಲಿಸುವುದು ಅಷ್ಟು ಸುಲಭವಲ್ಲ. ರಾಮದುರ್ಗ ಸೀಮೆಯ ಹುಲಕುಂದದ ಭೀಮಕವಿಯಂಥವರ ರಾಷ್ಟ್ರೀಯ ಪದಗಳು ಹಬ್ಬಿದ್ದು ಈ ದಾರಿಯಲ್ಲಿ. ರಂಗಭೂಮಿಯೂ ಇದೇ ಜಾಣತನ ಮಾಡಿತು. ಮರಾಠಿಯಲ್ಲಿ ಖಾಡಿಲ್ಕರರ ‘ಕೀಚಕವಧ’ 1907ರಲ್ಲಿ ರಂಗಕ್ಕೆ ಬಂದಾಗ ಕೀಚಕ ಯಾರೆಂದು ನೋಡುಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ: ವೈಸರಾಯ್ ಆಗಿದ್ದ ಲಾರ್ಡ್ ಕರ್ಜನ್. ಸರಕಾರಕ್ಕೆ ಅದು ಅರ್ಥವಾಗಿ ನಾಟಕ ನಿಷೇಧವಾದದ್ದು 1910ರಲ್ಲಿ.

ಇಲ್ಲಿಂದ ಮುಂದೆ ನಮ್ಮ ಮುಖ್ಯ ಮಾತು. ಈ ಬರಹಗಳನ್ನು ಅಳಿಸಲು ಮಾಡಿದ ಕಾನೂನುಗಳೇ ಅವುಗಳ ಜಾಡನ್ನೂ ಉಳಿಸಿವೆ. ಎಲ್ಲಿ ಹುಡುಕಬೇಕೆಂದು ತಿಳಿದರೆ ಬಹಳಷ್ಟು ಸಿಗುತ್ತದೆ.

1867ರ ಪುಸ್ತಕ ನೋಂದಣಿ ಕಾಯ್ದೆಯ ಪ್ರಕಾರ ಪ್ರತಿ ಪುಸ್ತಕದ ಮೇಲೆ ಮುದ್ರಕನ ಹೆಸರು, ಊರು ಇರಬೇಕಿತ್ತು, ಪ್ರತಿಗಳನ್ನು ಸರಕಾರಕ್ಕೆ ಒಪ್ಪಿಸಬೇಕಿತ್ತು. ಬಂದ ಪುಸ್ತಕಗಳ ತ್ರೈಮಾಸಿಕ ಪಟ್ಟಿಯನ್ನು ಪ್ರಾಂತ ಸರಕಾರಗಳು ಅಚ್ಚು ಹಾಕುತ್ತಿದ್ದವು. ಅದರಲ್ಲಿ ಹೆಸರು, ಭಾಷೆ, ಕರ್ತೃ, ವಿಷಯ, ಮುದ್ರಣಾಲಯ, ಪುಟ, ಆಕಾರ, ಎಷ್ಟು ಪ್ರತಿ, ಎಷ್ಟು ಬೆಲೆ ಎಲ್ಲವೂ ಇರುತ್ತದೆ. ಜಾತ್ರೆಯಲ್ಲಿ ಮಾರಿದ ಹಾಡಿನ ಪುಸ್ತಕಕ್ಕೆ ಇಷ್ಟು ನಿಖರವಾದ ವಿವರ ಬೇರೆಲ್ಲೂ ಸಿಗದು. ಆದರೆ ಈ ಪಟ್ಟಿಯಲ್ಲೊಂದು ದೊಡ್ಡ ತೂತಿದೆ. 1910ರ ಪ್ರೆಸ್ ಕಾಯ್ದೆ ಹೊಸ ಮುದ್ರಣಾಲಯದಿಂದ ರೂ. 500ರಿಂದ 2,000, ಹಳೆಯದರಿಂದ ರೂ. 5,000ದವರೆಗೂ ಠೇವಣಿ ಕೇಳಬಹುದಾಗಿತ್ತು; ಅದು ಮುಟ್ಟುಗೋಲಾದರೆ ಮುಂದಿನ ಕಂತು ರೂ. 10,000ದವರೆಗೆ. ಕಾಲಿನಿಂದ ತುಳಿಯುವ ಒಂದು ಟ್ರೆಡಲ್ ಯಂತ್ರ ಇಟ್ಟುಕೊಂಡ ಊರಿನ ಅಚ್ಚುಕೂಟದವನಿಗೆ ಇದು ಮನೆ ಮಾರುವ ಮೊತ್ತ. ಹಾಗಾಗಿ ಅಪಾಯದ ಪದಗಳನ್ನು ಮುದ್ರಕನ ಹೆಸರಿಲ್ಲದೆ ಹಾಕುವುದೇ ದಾರಿಯಾಯಿತು. ಹೆಸರಿಲ್ಲದ್ದು ಪಟ್ಟಿಗೂ ಸೇರಲಿಲ್ಲ. ತ್ರೈಮಾಸಿಕ ಪಟ್ಟಿಯನ್ನೇ ನಂಬಿ ‘ಕನ್ನಡದಲ್ಲಿ ಇಂಥದ್ದು ಕಡಿಮೆ’ ಎಂದು ಬರೆಯುವವರು ಎಡವುವುದು ಇಲ್ಲೇ.

ಆ ತೂತನ್ನು ತುಂಬುವುದು ಗೆಜೆಟ್. ಕ್ರಿಮಿನಲ್ ಪ್ರೊಸೀಜರ್ ಕೋಡಿನ 99ಎ ಕಲಮಿನಡಿ ಒಂದು ಬರಹವನ್ನು ಮುಟ್ಟುಗೋಲು ಹಾಕಬೇಕಾದರೆ ಸರಕಾರ ಕಾರಣ ಕೊಟ್ಟು ಗೆಜೆಟ್ ಅಧಿಸೂಚನೆ ಹೊರಡಿಸಬೇಕಿತ್ತು. 1910ರಿಂದ 1947ರವರೆಗಿನ ಮುಂಬಯಿ ಮತ್ತು ಮದ್ರಾಸ್ ಗೆಜೆಟ್‌ಗಳನ್ನು ವರ್ಷವರ್ಷವೂ ಓದಿ ‘ಕ್ಯಾನರೀಸ್’ (ಕನ್ನಡಕ್ಕೆ ಬ್ರಿಟಿಷರು ಬಳಸುತ್ತಿದ್ದ ಹೆಸರು) ಎಂಬ ಪದ ಬಂದಲ್ಲೆಲ್ಲ ಗುರುತು ಹಾಕುವುದು ಮೊದಲ ಕೆಲಸ. ಬೇಸರದ ಕೆಲಸ, ನಿಜ. ಆದರೆ ಇದಿಲ್ಲದೆ ಉಳಿದದ್ದೆಲ್ಲ ಕತ್ತಲಲ್ಲಿ ಕೈಯಾಡಿಸಿದಂತೆ. ಅಧಿಸೂಚನೆಯ ಸಂಖ್ಯೆ, ದಿನಾಂಕ ಸಿಕ್ಕಿದರೆ ಆ ಕಾಲದ ಗೃಹ ಇಲಾಖೆಯ ಕಡತ ಕೇಳಬಹುದು. ಕಡತದಲ್ಲಿ ಎಷ್ಟೋ ಸಲ ವಶಪಡಿಸಿಕೊಂಡ ಪ್ರತಿಯೇ ಪುರಾವೆಯಾಗಿ ಹೊಲಿದಿರುತ್ತದೆ. ಕೆಲವು ಪ್ರತಿಗಳು ಲಂಡನ್ನಿಗೂ ಹೋದವು. ಬ್ರಿಟಿಷ್ ಲೈಬ್ರರಿಯ ನಿಷೇಧಿತ ಪ್ರಕಟಣೆಗಳ ಸೂಚಿ 1985ರಲ್ಲೇ ಅಚ್ಚಾಗಿದೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲೂ ಇಂಥದ್ದೇ ಸಂಗ್ರಹವಿದೆ.

ಕನ್ನಡದ ಪಾಡು ಏನೆಂದರೆ ನಮ್ಮ ನಾಡು ಆಗ ಒಂದು ಆಡಳಿತದಲ್ಲಿರಲಿಲ್ಲ. ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡದ ಗೃಹ ಇಲಾಖೆ ಕಡತಗಳು ಮುಂಬಯಿಯಲ್ಲಿ, ದಕ್ಷಿಣ ಕನ್ನಡ ಮತ್ತು ಬಳ್ಳಾರಿಯವು ಚೆನ್ನೈಯಲ್ಲಿ, ಬೀದರ, ಕಲಬುರಗಿ, ರಾಯಚೂರಿನವು ಹೈದರಾಬಾದಿನಲ್ಲಿ, ಮೈಸೂರಿನವು ಇಲ್ಲಿ. ಹೈದರಾಬಾದಿನ ಕಡತಗಳದು ಬೇರೆಯೇ ತೊಡಕು. ನಿಜಾಮನ ಆಡಳಿತದಲ್ಲಿ ಸಭೆಗೆ ಮುಂಚೆಯೇ ಅನುಮತಿ ಬೇಕೆಂದ ‘ಗಷ್ಟಿ 53’ರಂಥ ಸುತ್ತೋಲೆಗಳೂ ಅದರ ಕೆಳಗಿನ ವರದಿಗಳೂ ಉರ್ದುವಿನಲ್ಲಿ, ಹಲವು ಕಡೆ ಅವಸರದ ಶಿಕಸ್ತಾ ಬರವಣಿಗೆಯಲ್ಲಿವೆ. ಅಚ್ಚಿನ ಉರ್ದು ಓದಬಲ್ಲವರಿಗೂ ಅದು ಓದಲು ಬರುವುದಿಲ್ಲ. ಕಲ್ಯಾಣ ಕರ್ನಾಟಕದ ಹೋರಾಟದ ಹಾಡುಗಳ ಬಗ್ಗೆ ಕಡಿಮೆ ಬರವಣಿಗೆ ಇರುವುದಕ್ಕೆ ಇದೂ ಒಂದು ಕಾರಣ. ಶಿಕಸ್ತಾ ಬಲ್ಲ ಇಬ್ಬರನ್ನು ಮೂರು ವರ್ಷಕ್ಕೆ ನೇಮಿಸಿಕೊಳ್ಳಿ. ಈ ಪತ್ರದಲ್ಲಿ ಬೇರೆ ಏನನ್ನೂ ಒಪ್ಪದಿದ್ದರೂ ಇದೊಂದನ್ನು ಒಪ್ಪಿ, ಏಕೆಂದರೆ ಓದಬಲ್ಲ ಹಿರಿಯರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಪತ್ರಿಕೆಗಳ ಕತೆ ಇನ್ನೂ ನಾಜೂಕು. ಮೈಸೂರು ಸಂಸ್ಥಾನ 1908ರಲ್ಲಿ ಪತ್ರಿಕಾ ನಿರ್ಬಂಧ ತಂದಾಗ ತಾತಯ್ಯನೆಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರ ಪತ್ರಿಕೆಗಳು ನಿಂತವು. 1921ರಲ್ಲಿ ಧಾರವಾಡದಲ್ಲಿ ‘ಕರ್ಮವೀರ’ ಹುಟ್ಟಿತು. ಇಂಥ ಪತ್ರಿಕೆಗಳ ಪೂರ್ಣ ಸಂಪುಟಗಳು ಅಪರೂಪ. ಆದರೆ ಮುಂಬಯಿ, ಮದ್ರಾಸ್ ಸರಕಾರಗಳು ದೇಶಭಾಷಾ ಪತ್ರಿಕೆಗಳ ಸಾರವನ್ನು ವಾರವಾರವೂ ಇಂಗ್ಲಿಷಿಗಿಳಿಸಿ ಗೋಪ್ಯ ವರದಿ ಅಚ್ಚು ಹಾಕುತ್ತಿದ್ದವು. ಮೂಲ ಕಳೆದುಹೋದ ಎಷ್ಟೋ ಲೇಖನಗಳ ಸುಳಿವು ಅಲ್ಲಿದೆ. ಇದನ್ನು ಬಳಸುವಾಗ ಎರಡು ಎಚ್ಚರ ಬೇಕು. ಅನುವಾದಕ ರಾಜದ್ರೋಹದ ವಾಸನೆ ಬಂದ ಭಾಗವನ್ನಷ್ಟೇ ಆರಿಸಿಕೊಂಡಿರುತ್ತಾನೆ. ಉಳಿದದ್ದು ಅವನಿಗೆ ಬೇಕಿರಲಿಲ್ಲ. ಇನ್ನು ಕವಿತೆಯನ್ನು ಒಂದು ಸಾಲಿನಲ್ಲಿ ‘ಜನರನ್ನು ಉದ್ರೇಕಿಸುವ ಪದ್ಯ’ ಎಂದು ಮುಗಿಸಿಬಿಟ್ಟಿರುತ್ತಾನೆ. ಅಂಥ ಇಂಗ್ಲಿಷ್ ಸಾರವನ್ನು ಮತ್ತೆ ಕನ್ನಡಕ್ಕೆ ತಂದು ಮೂಲವೆಂಬಂತೆ ಉದ್ಧರಣ ಚಿಹ್ನೆಯೊಳಗೆ ಕೊಡುವ ಚಾಳಿ ಸ್ಮರಣ ಸಂಚಿಕೆಗಳಲ್ಲಿ ಬೆಳೆದಿದೆ. ಇಲಾಖೆಯ ಪ್ರಕಟಣೆಗಳಲ್ಲಾದರೂ ಅದನ್ನು ತಡೆಯಿರಿ. ಬೇಂದ್ರೆಯವರ ‘ನರಬಲಿ’ಯಂತೆ ಮೂಲ ಉಳಿದಿರುವ ಕಡೆ ಇನ್ನೊಂದು ಕೆಲಸ ಮಾಡಬಹುದು: ಆ ಪದ್ಯ ಕವಿಯ ಹಿಂಡಲಗಾ ಜೈಲುವಾಸಕ್ಕೆ, ಮುಗದ ಎಂಬ ಊರಿನಲ್ಲಿನ ನಿರ್ಬಂಧಕ್ಕೆ ಹೇಗೆ ದಾರಿ ಮಾಡಿತೆಂಬ ಕಡತವನ್ನು ಪದ್ಯದ ಜೊತೆಗಿಟ್ಟು ಅಚ್ಚು ಹಾಕಬಹುದು. ಆಳುವವರು ಕವಿತೆಯನ್ನು ಹೇಗೆ ಓದಿದರೆಂಬುದಕ್ಕೆ ಅದಕ್ಕಿಂತ ಒಳ್ಳೆಯ ವಿಮರ್ಶೆ ಸಿಗಲಾರದು.

ಕಾಗದದ ಬಗ್ಗೆ ನಾಲ್ಕು ಮಾತು. ಆ ಕಾಲದ ಪತ್ರಿಕೆ ಕಾಗದ ಮರದ ತಿರುಳಿನದು, ಆಮ್ಲದ ಅಂಶ ಹೆಚ್ಚು. ಹಳದಿಯಾಗಿ ಮೊದಲು ಮಡಿಕೆಯಲ್ಲೇ ಮುರಿಯುತ್ತದೆ. ಇದಕ್ಕೆ ಅಂಗಡಿಯ ಪ್ಲಾಸ್ಟಿಕ್ ಲ್ಯಾಮಿನೇಶನ್ ಮಾಡಿಸಿದವರಿದ್ದಾರೆ. ಅದು ರಕ್ಷಣೆಯಲ್ಲ, ಸಮಾಧಿ: ಆಮ್ಲ ಒಳಗೇ ಉಳಿಯುತ್ತದೆ, ಹಾಳೆಯನ್ನು ಮತ್ತೆ ಬಿಡಿಸಲು ಬರುವುದಿಲ್ಲ. ಸೆಲ್ಲೋಟೇಪ್ ಕೂಡ ಬೇಡ. ಅದರ ಅಂಟು ಕಂದಾಗಿ ಅಕ್ಷರವನ್ನೇ ನುಂಗುತ್ತದೆ. ಆಮ್ಲ ತೆಗೆದು, ತೆಳು ಟಿಶ್ಯೂ ಕಾಗದವನ್ನು ಗೋಧಿ ಪಿಷ್ಟದ ಅಂಟಿನಿಂದ ಹಚ್ಚಬೇಕು, ಬೇಕೆಂದಾಗ ನೀರಿನಿಂದ ಬಿಡಿಸುವಂತಿರಬೇಕು. ಕೋಣೆಯ ತೇವಾಂಶ ಶೇ. 45ರಿಂದ 55ರ ನಡುವೆ ಇರಲಿ. ಹಗಲೆಲ್ಲ ಎ.ಸಿ. ಹಾಕಿ ಸಂಜೆ ಐದೂವರೆಗೆ ಆರಿಸಿ ಹೋಗುವುದು ಎ.ಸಿ. ಇಲ್ಲದಿರುವುದಕ್ಕಿಂತ ಕೆಟ್ಟದ್ದು, ದಿನಕ್ಕೊಮ್ಮೆ ಕಾಗದ ಹಿಗ್ಗಿ ಕುಗ್ಗುತ್ತದೆ.

ಸ್ಕ್ಯಾನ್ ಮಾಡುವುದಾದರೆ 400 ಪಿಪಿಐ (ಅಂಗುಲಕ್ಕೆ 400 ಬಿಂದು), ಗ್ರೇಸ್ಕೇಲ್, ಟಿಫ್ ಕಡತ. ಒಂದು ದೊಡ್ಡ ಪತ್ರಿಕೆ ಪುಟಕ್ಕೆ ಸುಮಾರು 50 ಎಂಬಿ ಆಗುತ್ತದೆ, ಅದಕ್ಕೆ ಹೆದರಬೇಡಿ. ಟೆಂಡರ್‌ಗಳಲ್ಲಿ ‘ಪುಟಕ್ಕೆ ಇಷ್ಟು’ ಎಂದು ದರ ಕಟ್ಟಿ ಕಪ್ಪು–ಬಿಳುಪು ಪಿಡಿಎಫ್ ಪಡೆದರೆ ಸಣ್ಣಕ್ಷರದ ಒತ್ತುಗಳೂ ದೀರ್ಘದ ಗುರುತೂ ಅಳಿಸಿಹೋಗಿರುತ್ತವೆ; ಮತ್ತೆ ಸ್ಕ್ಯಾನ್ ಮಾಡುವಷ್ಟರಲ್ಲಿ ಹಾಳೆ ಇರುವುದಿಲ್ಲ. ಹಳೆಯ ಮೊಳೆ ಅಚ್ಚಿಗೆ ಇಂದಿನ ಓಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ) ಪ–ವ–ಷಗಳನ್ನು ಗೊಂದಲ ಮಾಡುತ್ತದೆ, ಅರ್ಕಾವತ್ತನ್ನು ಬಿಟ್ಟೇಬಿಡುತ್ತದೆ. ಹಾಡಿನ ಪುಸ್ತಕಗಳನ್ನಂತೂ ಕೈಯಿಂದಲೇ ಬೆರಳಚ್ಚು ಮಾಡಿಸಿ, ಇಬ್ಬರು ಬೇರೆಬೇರೆಯಾಗಿ ಮಾಡಿ ತಾಳೆ ನೋಡಲಿ.

ನಿಜವಾದ ತುರ್ತು ಇರುವುದು ಧ್ವನಿಯಲ್ಲಿ. ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳಲ್ಲಿ, ಖಾಸಗಿ ಸಂಗ್ರಾಹಕರ ಟ್ರಂಕುಗಳಲ್ಲಿ, ಮೇಳಗಳ ಮನೆಗಳಲ್ಲಿ ಸ್ಪೂಲ್ ಮತ್ತು ಕ್ಯಾಸೆಟ್‌ಗಳಿವೆ. ಹೋರಾಟ ಕಂಡವರ ಬಾಯಿಂದಲೇ ಕಲಿತವರ ದನಿ ಅವುಗಳಲ್ಲಿದೆ. ಆ ತಲೆಮಾರು ಬಹುಪಾಲು ಹೋಗಿಯಾಗಿದೆ, ಆದ್ದರಿಂದ ಟೇಪು ಹೋದರೆ ಮತ್ತೊಂದು ಇಲ್ಲ.

ಸ್ಪೂಲ್ ಕೈಗೆ ಬಂದ ಕೂಡಲೇ ಯಂತ್ರಕ್ಕೆ ಹಾಕಬಾರದು. ಮೊದಲು ಮೂಸಿ ನೋಡಬೇಕು: ವಿನೆಗರಿನ ಹುಳಿ ವಾಸನೆ ಬಂದರೆ ಅದು ಅಸಿಟೇಟ್ ಟೇಪು, ಕೊಳೆಯಲು ಶುರುವಾಗಿದೆ. ಬೆಳಕಿಗೆ ಹಿಡಿದರೆ ಅಸಿಟೇಟ್ ಸುರುಳಿಯ ಮೂಲಕ ಬೆಳಕು ತೂರುತ್ತದೆ, ಪಾಲಿಯೆಸ್ಟರ್ ಸುರುಳಿಯಲ್ಲಿ ಇಲ್ಲ. ಈ ವ್ಯತ್ಯಾಸ ತಿಳಿಯದಿದ್ದರೆ ಅನಾಹುತ. 1970–80ರ ದಶಕದ ಕೆಲವು ಪಾಲಿಯೆಸ್ಟರ್ ಟೇಪುಗಳು ಅಂಟಂಟಾಗಿ ಯಂತ್ರದಲ್ಲಿ ಕಿರುಗುಟ್ಟುತ್ತವೆ. ಅವನ್ನು ಸುಮಾರು 50 ಡಿಗ್ರಿ ಸೆಲ್ಸಿಯಸ್ಸಿನ ಒಣ ಶಾಖದಲ್ಲಿ ಎಂಟು ತಾಸಾದರೂ ಇಟ್ಟರೆ ಸ್ವಲ್ಪ ಕಾಲ ಓಡುತ್ತವೆ, ಅಷ್ಟರಲ್ಲಿ ನಕಲು ತೆಗೆಯಬೇಕು. ಅಸಿಟೇಟ್ ಟೇಪನ್ನು ಹೀಗೆ ಬಿಸಿಮಾಡಿದರೆ ಸುರುಟಿ ಮುರಿದೇಹೋಗುತ್ತದೆ. ಕ್ಯಾಸೆಟ್ಟಿನಲ್ಲಿ ಬಿಳಿ ಬೂಷ್ಟು ಕಂಡರೆ ಅದನ್ನು ಬೇರೆ ಡಬ್ಬಿಗೆ ಹಾಕಿ; ಅದೊಂದನ್ನು ಓಡಿಸಿದ ಯಂತ್ರದಿಂದ ಬೂಷ್ಟು ಮುಂದಿನ ಎಲ್ಲ ಕ್ಯಾಸೆಟ್ಟಿಗೂ ಹರಡುತ್ತದೆ. ಒಳಗಿನ ಪ್ರೆಶರ್ ಪ್ಯಾಡ್ ಉದುರಿದ್ದರೆ ದನಿ ಮಂಕಾಗುತ್ತದೆ, ಕವಚ ಬದಲಿಸಿದರೆ ಸರಿಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ತಪ್ಪುವುದು ಟೇಪು ಓದುವ ಹೆಡ್ಡಿನ ಕೋನ, ತಂತ್ರಜ್ಞರು ಅಜಿಮತ್ ಎನ್ನುವುದು. ಹಳ್ಳಿಯಲ್ಲಿ ಮುದ್ರಿಸಿಕೊಂಡ ಯಂತ್ರದ ಕೋನವೇ ಬೇರೆ, ಇಲ್ಲಿ ಓಡಿಸುವ ಯಂತ್ರದ್ದೇ ಬೇರೆ. ತಿದ್ದದೆ ಓಡಿಸಿದರೆ ಸ, ಶ, ಚ ಎಲ್ಲ ಮಸುಕಾಗಿ ‘ಸೆರೆ’ಯೋ ‘ಕೆರೆ’ಯೋ ತಿಳಿಯದು, ತುಂತುಣಿ ಕೇಳಿಸುವುದೇ ಇಲ್ಲ. ಪ್ರತಿ ಕ್ಯಾಸೆಟ್ಟಿಗೂ ಪುಟ್ಟ ತಿರುಪು ತಿರುಗಿಸಿ ತಾರಸ್ಥಾಯಿಯ ದನಿ ಅತಿ ಸ್ಪಷ್ಟವಾಗುವಲ್ಲಿ ನಿಲ್ಲಿಸಬೇಕು. ಮೂಲ ಪ್ರತಿ 24 ಬಿಟ್, 96 ಕಿಲೋಹರ್ಟ್ಸ್ ವೇವ್ ಕಡತವಾಗಿರಲಿ. ಸ್ಟೀರಿಯೋ ಆದರೆ ತಾಸಿಗೆ ಸುಮಾರು 2 ಜಿಬಿ. ಒಂದು ತಾಸಿನ ಸಾವಿರ ಕ್ಯಾಸೆಟ್ಟಿಗೆ 2 ಟಿಬಿ, ಬೇರೆಬೇರೆ ಊರಿನಲ್ಲಿ ಮೂರು ಪ್ರತಿ ಇಟ್ಟರೆ 6 ಟಿಬಿ. ಡಿಸ್ಕಿನ ಖರ್ಚು ಇಲ್ಲಿ ಲೆಕ್ಕಕ್ಕೇ ಬಾರದು. ಖರ್ಚಾಗುವುದು ಮನುಷ್ಯರ ಸಮಯ. ಒಂದು ತಾಸಿನ ಟೇಪಿಗೆ ಎಲ್ಲ ಸೇರಿ ಮೂರು ತಾಸು ಹಿಡಿಯುತ್ತದೆಂದು ಇಟ್ಟುಕೊಳ್ಳಿ. ಮೂಲ ಪ್ರತಿಗೆ ಗದ್ದಲ ತೆಗೆಯುವ ಸಾಫ್ಟ್‌ವೇರ್ ಹಾಕಲೇಬೇಡಿ, ತಾಳದ ಗುಂಯ್‌ಗುಟ್ಟುವಿಕೆಯನ್ನೂ ಅದು ಗದ್ದಲವೆಂದೇ ಎಣಿಸುತ್ತದೆ.

ಹೊಸದಾಗಿ ಧ್ವನಿಮುದ್ರಣ ಮಾಡುವಾಗ ಹಾಡುಗಾರರನ್ನು ಬೆಂಗಳೂರಿನ ಸ್ಟುಡಿಯೋಗೆ ಕರೆಸಿ ‘ಐದು ನಿಮಿಷದಲ್ಲಿ ಮುಗಿಸಿ’ ಎನ್ನಬೇಡಿ. ಇಡೀ ರಾತ್ರಿಯ ಪದ ಐದು ನಿಮಿಷಕ್ಕಿಳಿದರೆ ಮೊದಲು ಬೀಳುವುದೇ ಕರ, ಪೊಲೀಸು, ಸಾಹುಕಾರರ ನುಡಿಗಳು. ಉಳಿಯುವುದು ಗಣಪತಿ ಸ್ತುತಿ ಮತ್ತು ಜೈಕಾರ. ಊರಿನಲ್ಲಿ, ಕೇಳುಗರ ಎದುರಿಗೇ ಮುದ್ರಿಸಿ. ದಪ್ಪು ಉಳಿದೆಲ್ಲ ದನಿಯನ್ನೂ ಮುಚ್ಚುವುದರಿಂದ ಮುಮ್ಮೇಳದವರಿಗೆ ಪ್ರತ್ಯೇಕ ಮೈಕು ಕೊಡಿ. ಒಬ್ಬರು ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಲಿ, ಗೌರವಧನವನ್ನು ಅಂದೇ ಕೊಡಲಿ, ನಕಲು ಪ್ರತಿ ಮೇಳದ ಮನೆಗೆ ಮುಟ್ಟಲಿ. ಹಾಡುಗಾರರ ಹಕ್ಕಿಗೆ ಕಾಯ್ದೆಯಲ್ಲಿ 50 ವರ್ಷದ ರಕ್ಷಣೆಯಿದೆ, ಇಲಾಖೆಯ ಲಾಂಛನ ಅದನ್ನು ಅಳಿಸುವುದಿಲ್ಲ. ಕರ್ತೃ ಗೊತ್ತಿಲ್ಲದ ಅಚ್ಚಿನ ಪದಗಳಿಗೆ ಪ್ರಕಟವಾದ 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಸ್ವಾತಂತ್ರ್ಯಪೂರ್ವದ ಅಂಥ ಕಿರುಹೊತ್ತಿಗೆಗಳನ್ನು ಜಾಲತಾಣಕ್ಕೆ ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ. ಹೆಸರು ಗೊತ್ತಿರುವ ಕವಿಗಳದು ಹಾಗಲ್ಲ, ತೀರಿಕೊಂಡ ಮೇಲೆ 60 ವರ್ಷ. ಅಲ್ಲಿಯವರೆಗೆ ವಾರಸುದಾರರನ್ನು ಕೇಳಲೇಬೇಕು.

ಸೂಚಿ ಮಾಡುವವರಿಗೆ ಒಂದು ಸಣ್ಣ ಮಾತು. ಲಾವಣಿಯ ಕೊನೆಯ ಅಂಕಿತ ಕವಿಯ ಹೆಸರಾಗಿರಬೇಕೆಂದಿಲ್ಲ. ಹಲಗಲಿ ಲಾವಣಿಯಲ್ಲಿ ಬರುವ ‘ಕುರ್ತಕೋಟಿಯ ಕಲ್ಮೇಶ’ ಕವಿಯಲ್ಲ, ಆ ಊರಿನ ಶಿವ. ‘ಕರ್ತೃ’ ಎಂಬ ಅಂಕಣದಲ್ಲಿ ಅದನ್ನೇ ತುಂಬಿದರೆ ರಾಜದ್ರೋಹದ ಆಪಾದನೆ ಸಾಕ್ಷಾತ್ ಪರಶಿವನ ಮೇಲೆ ಬರುತ್ತದೆ! ಅಂಕಿತಕ್ಕೆ ಬೇರೆ ಅಂಕಣ, ಊರಿಗೆ ಬೇರೆ, ಮೇಳಕ್ಕೆ ಬೇರೆ, ಯಾರಿಂದ ಕಲಿತದ್ದು ಎಂಬುದಕ್ಕೆ ಬೇರೆ ಇರಲಿ. ಪಾಠಾಂತರಗಳನ್ನು ಒಂದಾಗಿಸಬೇಡಿ. ಒಂದು ಊರಿನ ಪಾಠದಲ್ಲಿ ಗೌಡನ ಹೆಸರಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಆ ಗೌಡ ಯಾರ ಕಡೆಗಿದ್ದ ಎಂಬುದು ಇತಿಹಾಸದ ಪ್ರಶ್ನೆ. ‘ಮಾಡ್ಯಾರ’, ‘ಹೊಂಟಾರ’ಗಳನ್ನು ‘ಮಾಡಿದರು’, ‘ಹೊರಟರು’ ಎಂದು ತಿದ್ದುವ ಸಂಪಾದಕರನ್ನು ದೂರವಿಡಿ. ಪ್ರಾಸವೂ ಕೆಡುತ್ತದೆ, ಜನರೂ ಕಾಣೆಯಾಗುತ್ತಾರೆ. ಬೈಗುಳವಿದ್ದರೆ ಬೈಗುಳವೂ ಇರಲಿ.

ಈ ಕೆಲಸಕ್ಕೆ ಹೊಸ ಪ್ರಾಧಿಕಾರ ಬೇಡ, ಅಧ್ಯಕ್ಷರಿಗೆ ಕಾರೂ ಬೇಡ. ಮೊದಲ ಆರು ತಿಂಗಳಲ್ಲಿ ಟೇಪುಗಳ ಗಣತಿ: ಎಲ್ಲಿ, ಎಷ್ಟು, ಯಾವ ಬಗೆ, ಯಾವ ಸ್ಥಿತಿ. ಅದೇ ಹೊತ್ತಿಗೆ ಇಬ್ಬರು ಗೆಜೆಟ್ ಓದಲು ಕೂರಲಿ. ಹುಳಿ ವಾಸನೆಯ ಸ್ಪೂಲ್‌ಗಳೂ ಬೂಷ್ಟಿನ ಕ್ಯಾಸೆಟ್ಟುಗಳೂ ಸಾಲಿನಲ್ಲಿ ಮೊದಲು ಬರಲಿ, ಅದರಲ್ಲಿ ಹಾಡಿದವರು ಎಷ್ಟು ಪ್ರಸಿದ್ಧರು ಎಂದು ನೋಡುವುದು ಬೇಡ. ಆಮೇಲೆ ಮುಂಬಯಿ, ಚೆನ್ನೈ, ಹೈದರಾಬಾದಿನ ಪತ್ರಾಗಾರಗಳೊಂದಿಗೆ ಒಡಂಬಡಿಕೆ. ಅದಕ್ಕೆ ಹೋಗುವಾಗ ಕೈಯಲ್ಲಿ ಅಧಿಸೂಚನೆಗಳ ಪಟ್ಟಿ ಇರಬೇಕು. ‘ಸ್ವಾತಂತ್ರ್ಯ ಹೋರಾಟಕ್ಕೆ ಸಂಬಂಧಿಸಿದ್ದೆಲ್ಲ ಕೊಡಿ’ ಎಂದರೆ ಯಾವ ಪತ್ರಾಗಾರವೂ ಏನನ್ನೂ ಕೊಡಲಾರದು. ಕಡತದ ಸಂಖ್ಯೆ ಕೊಟ್ಟರೆ ಹುಡುಕಿ ತೆಗೆಯುವುದು ಅವರಿಗೂ ಸುಲಭ.

ಮುಂದಿನ ಆಯವ್ಯಯದಲ್ಲಿ ಇದಕ್ಕೆ ಪ್ರತ್ಯೇಕ ಲೆಕ್ಕ ಶೀರ್ಷಿಕೆ ತೆರೆಯುವಿರಾ ಎಂಬುದಕ್ಕೆ ಲಿಖಿತ ಉತ್ತರ ಕೋರುತ್ತೇವೆ. ಗೆಜೆಟ್ ಓದುವವರಿಗೂ ಟೇಪು ತಪಾಸಣೆ ಮಾಡುವವರಿಗೂ ತರಬೇತಿ ಕೊಡಲು ನಮ್ಮಲ್ಲಿ ಹಲವರು ಸಿದ್ಧರಿದ್ದೇವೆ.

ಇಂತಿ,
ಜಾನಪದ, ಮುದ್ರಣ ಇತಿಹಾಸ ಮತ್ತು ದಾಖಲೆ ಸಂರಕ್ಷಣೆಯ ಕೆಲಸದಲ್ಲಿರುವ ಕೆಲವರು